ಎಳ್ಳೆಣ್ಣೆಯ ಹದಿಮೂರು ಮೆಟ್ಟಿಲು

ಕಳೆದ ವಾರ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಶಾಲೆಯ ಹುಡುಗಿಯೊಬ್ಬಳು ಬಂದು ಕೂತಳು. ಡಿಸೆಂಬರಿನ ಬೆಳಗು. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಒಳಗೆ ನುಗ್ಗುತ್ತಿದ್ದ ಗಾಳಿಗೆ ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರೆ ಆ ಹುಡುಗಿ ಮಾತ್ರ ತಲೆಗೆ ಏನೂ ಸುತ್ತಿಕೊಂಡಿರಲಿಲ್ಲ. ಬಿಗಿಯಾದ ಎರಡು ಜಡೆ, ನೂಲು ಹಿಡಿದು ಎಳೆದಂಥ ಬೈತಲೆ. ಬಸ್ಸು ಊರು ದಾಟಿ ವೇಗ ಹಿಡಿದಾಗ ಅವಳ ಜಡೆಯ ವಾಸನೆ ಗಾಳಿಯ ಜೊತೆ ನನ್ನ ಮುಖಕ್ಕೆ ಬಂತು. ಬೆಚ್ಚಗೆ ಮಾಡಿದ ಎಳ್ಳೆಣ್ಣೆ, ಅದರಲ್ಲಿ ಕೆಂಪಾಗುವಷ್ಟು ಕಾದ ಮೆಂತ್ಯ. ನಾನು ಬಸ್ಸಿನಲ್ಲಿ ಅಪರಿಚಿತರನ್ನು ಮಾತನಾಡಿಸುವವಳಲ್ಲ. ಆ ದಿನವೂ ಮಾತನಾಡಿಸಲಿಲ್ಲ. ಆದರೆ ಬಸ್ಸು ಬಸವಕಲ್ಯಾಣ ಮುಟ್ಟುವವರೆಗೂ ನಾನು ಹಳೆಯದೊಂದು ಕಲ್ಲಿನ ಮೆಟ್ಟಿಲ ಸಾಲಿನ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.

ಅದು ಎರಡು ಸಾವಿರದ ಮೂರನೆಯ ಇಸವಿಯ ಚಳಿಗಾಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಹೊಸದು. ಬಸವಕಲ್ಯಾಣದ ಕೋಟೆಯ ಕಡೆ ಹೋಗುವ ದಾರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ, ಅದಕ್ಕೆ ಅಂಟಿಕೊಂಡು ವಸತಿ ನಿಲಯ ಇದ್ದವು. ಅಲ್ಲಿ ಒಂದು ವರ್ಷದ ಮಟ್ಟಿಗೆ ನನಗೆ ಕೆಲಸ ಸಿಕ್ಕಿತು. ಹಗಲು ವಿಜ್ಞಾನ ಕಲಿಸುವುದು, ಉಳಿದ ಹೊತ್ತು ನಿಲಯ ನೋಡಿಕೊಳ್ಳುವುದು. ಮೂವತ್ತೆಂಟು ಹುಡುಗಿಯರು, ಐದರಿಂದ ಏಳನೆಯ ಇಯತ್ತೆಯವರು. ಕೊಡಂಬಲ, ದುಬಲಗುಂಡಿ, ಕೊಹಿನೂರ ಮತ್ತು ಸುತ್ತಲಿನ ಹಳ್ಳಿಗಳಿಂದ ಬಂದವರು, ಹೆಚ್ಚಿನವರ ತಂದೆತಾಯಿ ಕೂಲಿ ಮಾಡುವವರು. ನನ್ನ ಊರು ಹುಮನಾಬಾದ. ಬಜಾರದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ, ಊರ ಹೊರಗೆ ಒಂದಿಷ್ಟು ಹೊಲ. ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದೆ.

ದೀಪಾವಳಿ ಮುಗಿದು ಹತ್ತು ದಿನಕ್ಕೆ ಚಳಿ ಬಿತ್ತು. ನಮ್ಮ ಕಡೆಯ ಚಳಿ ಒಣ ಚಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ತಲೆ ಬಾಚಿದರೆ ಕೂದಲು ಚಿಟಿಚಿಟಿ ಎನ್ನುತ್ತದೆ. ಬೆಳಿಗ್ಗೆ ಹುಡುಗಿಯರ ಕೊಬ್ಬರಿ ಎಣ್ಣೆಯ ಬಾಟಲಿಗಳು ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತಿದ್ದವು. ಒಂದೆರಡು ದಿನ ಕಡ್ಡಿಯಿಂದ ಕೆದಕಿ ಹಚ್ಚಿಕೊಂಡರು, ಆಮೇಲೆ ಬಿಟ್ಟರು. ಹೌದಿನ, ಎಂದರೆ ತೊಟ್ಟಿಯ, ನೀರು ಮುಟ್ಟಿದರೆ ಕೈ ಸೆಡೆಯುತ್ತಿತ್ತು, ಹಾಗಾಗಿ ತಲೆಗೆ ನೀರು ಹಾಕಿಕೊಳ್ಳುವುದನ್ನೂ ಬಿಟ್ಟರು. ಥಂಡಿಗೆ ಒಂದು ಚಾದರದಲ್ಲಿ ಇಬ್ಬರು ಮೂವರು ತಲೆಗೆ ತಲೆ ಹಚ್ಚಿ ಮಲಗುತ್ತಿದ್ದರು. ಇದರ ಪರಿಣಾಮ ಏನೆಂದು ಊಹಿಸಲು ವಿಜ್ಞಾನ ಓದಬೇಕಿಲ್ಲ. ನವೆಂಬರ ಕೊನೆಗೆ ಮೂವತ್ತೆಂಟು ತಲೆಗಳಲ್ಲೂ ಹೇನು.

ಶಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಕ್ಕೋರು ಎನ್ನುತ್ತಿದ್ದರು. ಕೆಟ್ಟವರಲ್ಲ, ಆದರೆ ಯಾವ ಕೆಲಸವನ್ನೂ ಎರಡು ಸಲ ಮಾಡುವ ತಾಳ್ಮೆ ಅವರಿಗಿರಲಿಲ್ಲ. ಒಂದು ದಿನ ಪ್ರಾರ್ಥನೆಯ ಸಾಲಿನಲ್ಲಿ ಎರಡು ತಲೆ ನೋಡಿದವರೇ ನನ್ನನ್ನು ಕರೆದರು.

"ಎಳ್ಳಮಾಸಿಗೆ ಹುಡುಗ್ಯಾರೆಲ್ಲ ಊರಿಗಿ ಹೋಗ್ತಾರ. ಇಂಥಾ ತಲಿ ತೊಗೊಂಡು ಹೋದ್ರ ತಾಯಂದಿರು ನಂಗ ಬೈತಾರ. ರಜಾ ಬಿಡೂ ಮುಂಚೆ ನಾನೇ ಬಂದು ನೋಡ್ತೀನಿ. ಯಾರ ತಲ್ಯಾಗ ಹೇನು ಸಿಗ್ತದ, ಅವ್ರ ಕೂದಲಾ ಕತ್ತರಿಸೂದು. ಹಜಾಮನಿಗಿ ಹೇಳಿಡ್ತೀನಿ."

ಎಳ್ಳ ಅಮಾವಾಸ್ಯೆಗೆ ನಾಲ್ಕು ವಾರವಿತ್ತು. ನನಗೆ ಅದು ನ್ಯಾಯವಾದ ಮಾತೇ ಅನ್ನಿಸಿತು. ಕೂದಲು ಮತ್ತೆ ಬೆಳೆಯುವ ವಸ್ತು. ಹಾಗೆಂದು ನಿಲಯದ ಆಯಾ ತಾರಾಬಾಯಿಗೆ ಹೇಳಿದೆ. ತಾರಾಬಾಯಿ ಕೊಹಿನೂರಿನವರು, ಬೌದ್ಧ ಮನೆತನದ ವಿಧವೆ, ಆಗ ಐವತ್ತೈದರ ಆಸುಪಾಸು. ಹುಡುಗಿಯರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು. ಅವರು ಕಸಬರಿಗೆಯನ್ನು ಗೋಡೆಗೆ ಆನಿಸಿ ನನ್ನನ್ನು ಸಾಮಾನಿನ ಕೋಣೆಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಲಲಿತಾ, ಕೊಡಂಬಲ ಎಂದು ಬರೆದಿತ್ತು.

"ಹ್ವಾದ ವರ್ಷ ಹಿಂಗೇ ಕೂದಲಾ ತೆಗಸಿದ್ರು. ನಾಕು ಮಂದೀದು. ಮೂವರು ತಲಿಗಿ ಅರಬಿ ಕಟಗೊಂಡು ತಿರಿಗಿ ಬಂದ್ರು. ಈಕಿ ಬರಲಿಲ್ಲ. ಹಳ್ಯಾಗ ಹೆಣ್ಣುಹುಡುಗಿ ತಲಿ ಬೋಳಾದ್ರ ಹತ್ತು ಮಾತು ಬರ್ತಾವ್ರಿ ಅಕ್ಕೋರ. ರೋಗ ಅದ ಅಂತಾರ, ಹರಕಿ ಅಂತಾರ, ಇನ್ನೂ ಏನೇನೋ ಅಂತಾರ. ಇಜ್ಜತ್ ಹೋಯ್ತು ಅಂತ ಅವರಪ್ಪ ಸಾಲಿ ಬಿಡಿಸಿದ. ಈಗ ತೊಗರಿ ಕೊಯ್ಯಾಕ ಹೋಗ್ತಾಳಂತ."

ಟ್ರಂಕಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಅವರು ಕೇಳಿದರು: "ನಾಕು ವಾರ ನಂಗ ಬಿಟ್ಟುಕೊಡ್ರಿ. ನಾ ನೋಡ್ತೀನಿ."

ಬಿಟ್ಟುಕೊಟ್ಟೆ. ಮುಂದಿನ ಹತ್ತು ದಿನ ನಾನು ಕಂಡದ್ದನ್ನು ಯಾವ ಪ್ರಯೋಗಾಲಯದಲ್ಲೂ ಕಂಡಿಲ್ಲ.

ಮೊದಲು ಅವರು ಕೊಬ್ಬರಿ ಎಣ್ಣೆಯ ಬಾಟಲಿಗಳನ್ನೆಲ್ಲ ಎತ್ತಿ ಅಟ್ಟದ ಮೇಲಿಟ್ಟರು. "ಥಂಡ್ಯಾಗ ಕೊಬ್ಬರಿ ಎಣ್ಣಿ ನಿದ್ದಿ ಮಾಡ್ತದ. ಎಳ್ಳೆಣ್ಣಿ ಎಚ್ಚರ ಇರ್ತದ" ಎಂದರು. ಎಳ್ಳೆಣ್ಣೆಗೆ ಒಂದು ಹಿಡಿ ಮೆಂತ್ಯ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ಮೆಂತ್ಯ ಕೆಂಪಾಗುತ್ತಿದ್ದಂತೆ ಇಳಿಸಿ ಸೋಸಿದರು. ಹಚ್ಚುವ ಮುಂಚೆ ಬಟ್ಟಲನ್ನು ಬಿಸಿಲಿಗಿಟ್ಟು, ಒಂದು ಹನಿಯನ್ನು ಮಣಿಕಟ್ಟಿನ ಒಳಮೈಗೆ ಬಿಟ್ಟುಕೊಂಡು ನೋಡುವರು. ಸ್ನಾನದ ನೀರಿಗಾದರೆ ಮೊಣಕೈ. ಹಂಡೆಯಲ್ಲಿ ಮೊಣಕೈ ಅದ್ದಿ ಒಂದು ಕ್ಷಣ ನಿಲ್ಲುವರು, ಇನ್ನೊಂದು ತಂಬಿಗೆ ತಣ್ಣೀರು ಬೆರೆಸುವರು, ಸಾಕು ಎನ್ನುವರು. ನನಗೆ ಇದು ಅಂದಾಜಿನ ಕೆಲಸ ಅನ್ನಿಸಿ ಶಾಲೆಯ ಥರ್ಮಾಮೀಟರ ತಂದು ಅಳೆದೆ. ಮೂರು ಸಲ ಅಳೆದರೂ ಪಾದರಸ ಅದೇ ಗೆರೆಗೆ ಬಂದು ನಿಂತಿತು. ನಾಲ್ಕನೆಯ ಸಲ ಥರ್ಮಾಮೀಟರನ್ನು ಕೋಣೆಯಲ್ಲೇ ಬಿಟ್ಟು ಬಂದೆ.

"ಏನಂತದ್ರಿ ನಿಮ್ಮ ಕಾಜಿನ ಕಡ್ಡಿ?" ಎಂದು ಕೇಳಿದರು.

"ನಿಮ್ಮ ಮಾತೇ ಹೇಳ್ತದ" ಎಂದೆ.

"ಹಂಗಾರ ಶ್ಯಾಣೇ ಅದ ಬಿಡ್ರಿ."

ತಲೆಸ್ನಾನ ಶನಿವಾರ ಮತ್ತು ಭಾನುವಾರ ಮಾತ್ರ. ಬಿಸಿಲು ಅಂಗಳದ ನಡುವಿಗೆ ಬಂದ ಮೇಲೆ ಶುರು, ಎರಡು ಗಂಟೆಗೆ ಬಂದ್. ಯಾಕೆಂದರೆ ನಾಲ್ಕಕ್ಕೆ ಸೂರ್ಯ ಎತ್ತರದ ಗೋಡೆಯ ಹಿಂದೆ ಸರಿಯುತ್ತಿದ್ದ, ಅಷ್ಟರಲ್ಲಿ ಕೂದಲು ಬುಡದವರೆಗೆ ಒಣಗಬೇಕು. ಸೀಗೆಕಾಯಿಯ ಜೊತೆ ನೆನೆಸಿ ರುಬ್ಬಿದ ಮೆಂತ್ಯ. ಟವೆಲ್ಲಿನಿಂದ ಗಸಗಸ ಉಜ್ಜುವುದು ಬಿಲ್ಕುಲ್ ಇಲ್ಲ. ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿ ನೀರು ಹೀರಿಸಬೇಕು. ಒದ್ದೆ ಕೂದಲಿಗೆ ಹಣಿಗೆ ಮುಟ್ಟಿಸಿದರೆ ಕೈ ಮೇಲೆ ಏಟು. "ಒದ್ದಿ ಕೂದಲಾ ಬಾಳಂತಿ ಇದ್ದಂಗ. ಎಳದಾಡಬಾರದು" ಎಂಬುದು ಅವರ ನಿಯಮ.

ಆದರೆ ನಿಜವಾದ ಕೆಲಸ ನಡೆಯುತ್ತಿದ್ದದ್ದು ಮೆಟ್ಟಿಲ ಮೇಲೆ. ನಿಲಯದ ಹೊರಗೋಡೆಗೆ, ದಕ್ಷಿಣಕ್ಕೆ ಮುಖ ಮಾಡಿ, ಮಾಳಿಗೆಗೆ ಹೋಗುವ ಹದಿಮೂರು ಕಲ್ಲಿನ ಮೆಟ್ಟಿಲುಗಳಿದ್ದವು. ದಿನಾ ಶಾಲೆ ಬಿಟ್ಟ ಮೇಲೆ, ಕಲ್ಲಿನ ಬಿಸಿ ಆರುವ ಮುಂಚೆ, ಹುಡುಗಿಯರು ಮೆಟ್ಟಿಲಿಗೊಬ್ಬರಂತೆ ಕೂರುತ್ತಿದ್ದರು. ಪ್ರತಿಯೊಬ್ಬಳೂ ತನ್ನ ಕೆಳಗಿನವಳ ತಲೆಗೆ ಎಣ್ಣೆ ಹಚ್ಚಿ, ಸಣ್ಣ ಹಲ್ಲಿನ ಹಣಿಗೆಯಿಂದ ಎಳೆ ಎಳೆಯಾಗಿ ಬಾಚಿ, ಹೇನು ಸೀರು ತೆಗೆಯಬೇಕು. ಅವಳ ತಲೆಯನ್ನು ಮೇಲಿನವಳು ನೋಡುವಳು. ಎಲ್ಲರಿಗಿಂತ ಮೇಲೆ, ಮಾಳಿಗೆಯ ಅಂಚಿನಲ್ಲಿ, ತಾರಾಬಾಯಿ. ಕೂರಿಸುವುದರಲ್ಲೂ ಅವರದೊಂದು ಲೆಕ್ಕ. ಹಗಲು ಯಾರು ಯಾರ ಜೊತೆ ಜಗಳಾಡಿರುವರೋ ಅವರನ್ನೇ ಹುಡುಕಿ ಒಬ್ಬರ ಕೆಳಗೆ ಒಬ್ಬರನ್ನು ಕೂರಿಸುವರು.

"ಆಯಿ, ಈಕಿ ನನ್ನ ಜುಟ್ಟಾ ಹರೀತಾಳ" ಎಂದು ರೇಷ್ಮಾ ಎಂಬ ಬಾಯಿಬಡಕಿ ಕಿರುಚಿದರೆ, "ಹರಿಯಂಗಿಲ್ಲ ತಗೊ. ಆಕಿ ಜುಟ್ಟಾನೂ ಮ್ಯಾಲಿನಾಕಿ ಕೈಯಾಗ ಅದಲ್ಲ" ಎನ್ನುವರು. ಮೂರು ದಿನದಲ್ಲಿ ನಿಲಯದ ಅರ್ಧ ಜಗಳ ನಿಂತಿತು. ಶಿಸ್ತಿನ ಬಗ್ಗೆ ನಾನು ದೊಡ್ಡ ಕಾಗದದಲ್ಲಿ ಬರೆದು ಗೋಡೆಗೆ ಹಚ್ಚಿದ್ದ ಹತ್ತು ನಿಯಮಗಳಿಂದ ಆಗದ್ದು ಅದು.

ಹದಿಮೂರು ಮೆಟ್ಟಿಲು, ಮೂವತ್ತೆಂಟು ಹುಡುಗಿಯರು. ಮೂರನೆಯ ಸುತ್ತಿಗೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಖಾಲಿ ಉಳಿಯುತ್ತಿತ್ತು. ಅಲ್ಲಿ ನಾನು ಹಾಜರಿ ಪುಸ್ತಕ ಹಿಡಿದು ಕೂತು ಯಾರ ತಲೆ ಎಷ್ಟು ಶುದ್ಧವಾಯಿತೆಂದು ಗುರುತು ಹಾಕುತ್ತಿದ್ದೆ. ನನ್ನ ಮೇಲಿನ ಮೆಟ್ಟಿಲಿನವಳು ಮಹಾದೇವಿ. ದುಬಲಗುಂಡಿಯವಳು, ಹನ್ನೊಂದು ವರ್ಷ, ಮಾತು ಕಡಿಮೆ. ನಿಲಯದಲ್ಲೇ ಉದ್ದ ಕೂದಲು ಅವಳದು, ಕೂತರೆ ಮೆಟ್ಟಿಲ ಮೇಲೆ ಸುರುಳಿಯಾಗಿ ಬೀಳುತ್ತಿತ್ತು. ಅವಳ ಕೈಗೆ ಕೆಲಸವಿರುತ್ತಿರಲಿಲ್ಲ. ಒಂದು ಸಂಜೆ ಮೆಲ್ಲಗೆ ಕೇಳಿದಳು:

"ಅಕ್ಕೋರ, ನಿಮ್ಮದೂ ಬಿಚ್ಲೇನ್ರಿ?"

"ಬ್ಯಾಡ" ಎಂದೆ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು ಆ ಮಾತು.

ಇಲ್ಲಿ ಒಂದು ವಿಷಯ ಹೇಳಬೇಕು. ಅಷ್ಟರಲ್ಲಿ ನನ್ನ ತಲೆಯಲ್ಲೂ ಹೇನಾಗಿತ್ತು. ಕೋಣೆಯ ಚಿಲಕ ಹಾಕಿಕೊಂಡು ಹಳೆಯ ಪೇಪರಿನ ಮೇಲೆ ತಲೆ ಬಾಚಿ ನೋಡಿದ್ದೆ. ಬೆಳಿಗ್ಗೆ ಐದಕ್ಕೆ, ಯಾರೂ ಏಳುವ ಮುಂಚೆ, ಹೌದಿನ ತಣ್ಣೀರಿನಲ್ಲೇ ಶಾಂಪೂ ಹಾಕಿ ತೊಳೆದುಕೊಂಡು, ಒದ್ದೆ ಕೂದಲನ್ನೇ ಬಿಗಿಯಾಗಿ ತುರುಬು ಕಟ್ಟಿ ಪಿನ್ನು ಹಾಕಿ ತರಗತಿಗೆ ಹೋಗುತ್ತಿದ್ದೆ. ಕೂದಲು ಜೋಳದ ಕಣಕಿಯಂತಾಗಿ ತುದಿಯಲ್ಲಿ ಸೀಳುತ್ತಿತ್ತು, ತುರುಬಿನೊಳಗಿಂದ ಮುಗ್ಗಲು ವಾಸನೆ ಬರುತ್ತಿತ್ತು, ಹೇನು ಮಾತ್ರ ಹಾಗೇ ಇದ್ದವು. ಮೆಟ್ಟಿಲ ಸಾಲಿನಲ್ಲಿ ಕೂರದೆ ಇದ್ದದ್ದಕ್ಕೆ ನನಗೆ ನಾನೇ ಕೊಟ್ಟುಕೊಂಡ ಕಾರಣ ಸಂಕೋಚ. ಚಿಕ್ಕಂದಿನಿಂದ ನಾನು ಯಾರ ಮುಂದೆಯೂ ತಲೆ ಬಿಚ್ಚಿದವಳಲ್ಲ. ಆದರೆ ಆ ಸಂಕೋಚದಲ್ಲಿ ನನ್ನ ಸ್ವಭಾವದ ಪಾಲು ಎಷ್ಟು, ತಾರಾಬಾಯಿಯ ಜಾತಿಯವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತನಾಡಿಸುತ್ತಿದ್ದ ನಮ್ಮ ಮನೆ ಕಲಿಸಿದ್ದರ ಪಾಲು ಎಷ್ಟು ಎಂದು ಆಗ ಬೇರ್ಪಡಿಸಿ ನೋಡಲಿಲ್ಲ. ನೋಡಿದ್ದರೆ ಉತ್ತರ ನನಗೆ ಇಷ್ಟವಾಗುತ್ತಿರಲಿಲ್ಲ.

ಎರಡನೆಯ ವಾರದ ಕೊನೆಗೆ ಹೆಚ್ಚಿನ ತಲೆಗಳು ಶುದ್ಧವಾದವು. ಮಹಾದೇವಿಯದು ಮಾತ್ರ ಹಿಂದೆ ಬಿತ್ತು. ಅಷ್ಟು ದಟ್ಟ ಕೂದಲಿಗೆ ಹಣಿಗೆ ಬುಡ ಮುಟ್ಟುವುದೇ ಕಷ್ಟ. "ಆಗ್ತದ್ರಿ, ಜಲ್ದಿ ಮಾಡಬ್ಯಾಡ್ರಿ" ಎನ್ನುತ್ತಿದ್ದರು ತಾರಾಬಾಯಿ. ನನಗೆ ಜಲ್ದಿ ಇತ್ತು. ಆ ಶನಿವಾರ ಅವರು ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆಂದು ಕೊಹಿನೂರಿಗೆ ಹೋದರು. ನಮ್ಮ ಕಡೆ ಸೀತಾಫಲದ ಹಂಗಾಮು ಮುಗಿದರೂ ಬೀಜ ಮುಗಿಯುವುದಿಲ್ಲ, ಹುಡುಗಿಯರು ಆಟಕ್ಕೆಂದು ಒಂದು ಡಬ್ಬಿ ತುಂಬ ಕೂಡಿಟ್ಟಿದ್ದರು. ಆ ಬೀಜದ ಪುಡಿಗೆ ಹೇನು ಸಾಯುತ್ತವೆ ಎಂದು ಮನೆಯಲ್ಲಿ ಕೇಳಿದ್ದೆ. ಬೀಜದಲ್ಲಿ ಕೀಟ ಕೊಲ್ಲುವ ಅಂಶವಿದೆ ಎಂದು ಪುಸ್ತಕದಲ್ಲೂ ಓದಿದ್ದೆ. ಮನೆ ಮತ್ತು ಪುಸ್ತಕ ಎರಡೂ ಒಂದೇ ಮಾತು ಹೇಳಿದ ಮೇಲೆ ಅನುಮಾನವೇಕೆ? ಬೀಜ ಕುಟ್ಟಿ, ನೀರಲ್ಲಿ ಕಲಸಿ, ಮಹಾದೇವಿಯ ತಲೆಗೆ ಹಚ್ಚಿದೆ. ಕಣ್ಣು ಮುಚ್ಚಿಕೊಂಡಿರು ಎಂದು ಹೇಳಿದ್ದೆ. ಅರ್ಧ ಗಂಟೆ ಬಿಟ್ಟು ನೀರು ಹಾಕುವಾಗ ಸುಂಯ್ ಎಂದು ಚಳಿಗಾಳಿ ಬಂತು. ಹುಡುಗಿ ನಡುಗಿ ಕಣ್ಣು ಬಿಟ್ಟಳು.

ಅವಳು ಕೂಗಿದ ಕೂಗು ಇಲ್ಲಿ ಬರೆಯಲಾರೆ. ಮಾತು ಕಡಿಮೆಯ ಹುಡುಗಿ ಅವಳು.

ತಂಬಿಗೆ ಮೇಲೆ ತಂಬಿಗೆ ಶುದ್ಧ ನೀರು ಹಾಕಿ ತೊಳೆದು, ಎತ್ತಿಕೊಂಡು ದವಾಖಾನೆಗೆ ಓಡಿದೆ. ಎಡಗಣ್ಣು ಬೆಂದಂತೆ ಕೆಂಪಾಗಿ ಊದಿತ್ತು. ಡಾಕ್ಟರು ಮತ್ತೆ ತೊಳೆದರು, ಔಷಧ ಬಿಟ್ಟರು, ತಲೆಯ ಸುತ್ತ ಪಟ್ಟಿ ಕಟ್ಟಿದರು. ನೋಟ ಉಳಿಯುತ್ತದೆ, ಆದರೆ ಎಂಟು ದಿನ ಪಟ್ಟಿ ಬಿಚ್ಚಬಾರದು, ತಲೆಗೆ ನೀರು ಮುಟ್ಟಿಸಬಾರದು ಎಂದರು. ಆಮೇಲೆ ನನ್ನ ಮುಖ ನೋಡಿ, "ನೀವು ಏನು ಓದೀರಿ?" ಎಂದು ಕೇಳಿದರು. ರಸಾಯನಶಾಸ್ತ್ರ ಎಂದೆ. ಅವರು ಔಷಧದ ಚೀಟಿ ಬರೆಯತೊಡಗಿದರು.

ಮರುದಿನ ಬಂದ ತಾರಾಬಾಯಿಗೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಮೊದಲು ಮಹಾದೇವಿಯ ಬಳಿ ಕೂತು ಬಹಳ ಹೊತ್ತು ಅವಳ ಪಾದ ಉಜ್ಜಿದರು. ನನ್ನ ಕಡೆ ತಿರುಗಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ನಮಗೂ ಗೊತ್ತದ್ರಿ ಆ ಬೀಜ. ನಮ್ಮ ತಾಯಿ ಕಾಲದಾಗ ಒಬ್ಬಾಕಿ ಕಣ್ಣು ಹ್ವಾದ ಮ್ಯಾಲ ನಮ್ಮ ಓಣ್ಯಾಗ ಯಾರೂ ಮುಟ್ಟಂಗಿಲ್ಲ. ಬೀಜಕ್ಕ ಬುದ್ಧಿ ಇರಂಗಿಲ್ರಿ ಅಕ್ಕೋರ. ಹೇನು ಯಾವ್ದು, ಕಣ್ಣು ಯಾವ್ದು, ಅದಕ್ಕ ಹ್ಯಾಂಗ ಮಾಲೂಮ್ ಆಗ್ತದ? ಹಣಿಗಿಗಿ ಆದ್ರ ಕೈ ಇರ್ತದ, ಕೈಗಿ ಮನಸ್ಸಿರ್ತದ."

ಎಂಟು ದಿನ ಮಹಾದೇವಿ ಮೆಟ್ಟಿಲ ಸಾಲಿನಿಂದ ಹೊರಗೆ, ಬಿಸಿಲಿನಲ್ಲಿ ಒಬ್ಬಳೇ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದಳು. ಅವಳು ನನ್ನನ್ನು ಒಮ್ಮೆಯೂ ದೂರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು: "ನನ್ನ ಕೂದಲಾ ತೆಗೀತಾರೇನ್ರಿ ಅಕ್ಕೋರ? ತೆಗದ್ರ ಅಪ್ಪ ಕಳಸಂಗಿಲ್ಲ." ನಾನು ಅವಳ ಪಟ್ಟಿಯ ಅಂಚು ಸರಿಪಡಿಸಿದೆ. ಅಮಾವಾಸ್ಯೆಗೆ ಆರು ದಿನವಿರುವಾಗ ಪಟ್ಟಿ ಬಿಚ್ಚಿದರು. ಕಣ್ಣು ಚೆನ್ನಾಗಿತ್ತು. ತಲೆ ಹೇನಿನಿಂದ ಗಿಜಿಗುಡುತ್ತಿತ್ತು.

ತಾರಾಬಾಯಿ ಅಂದಿನಿಂದಲೇ ಎರಡೂ ಹೊತ್ತು ಅವಳನ್ನು ಕೂರಿಸಿಕೊಂಡರು. ಆದರೆ ರಜೆಗೆ ಎರಡು ದಿನವಿರುವಾಗ ದೊಡ್ಡಕ್ಕೋರು ಬಂದೇಬಿಟ್ಟರು. ಹಿಂದೆ ಚರ್ಮದ ಚೀಲ ಹಿಡಿದ ಮುದುಕ ಹಜಾಮ. ಅವನು ಬೇವಿನ ಗಿಡದ ಕೆಳಗೆ ಕೂತು ಕತ್ತರಿ ಒರೆಸತೊಡಗಿದ. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ಒಬ್ಬೊಬ್ಬಳನ್ನೇ ಬಗ್ಗಿಸಿ, ದೊಡ್ಡಕ್ಕೋರು ತಾವೇ ಬಾಚಿ ನೋಡಿದರು. ಒಂದು, ಎರಡು, ಹತ್ತು, ಇಪ್ಪತ್ತು. ಬಟ್ಟೆ ಬಿಳಿಯಾಗೇ ಉಳಿಯಿತು. ಅವರ ಮುಖದಲ್ಲಿ ಆಶ್ಚರ್ಯ ಏರುತ್ತಿರುವುದನ್ನು ನೋಡುತ್ತಿದ್ದೆ. "ತಾರಾಬಾಯಿ, ಏನು ಜಾದೂ ಮಾಡೀರಿ?" ಎಂದರು. "ಜಾದೂ ಎಲ್ಲೀದ್ರಿ, ಬಿಸಲು" ಎಂದರು ತಾರಾಬಾಯಿ. ಮೂವತ್ತೇಳು ತಲೆಗಳು ಮುಗಿದವು. ಕೊನೆಗೆ ಮಹಾದೇವಿ ಬಗ್ಗಿದಳು. ಹಣಿಗೆ ಎರಡು ಸಲ ಎಳೆದದ್ದೇ, ಬಿಳಿ ಬಟ್ಟೆಯ ಮೇಲೆ ಐದಾರು ಕರಿ ಚುಕ್ಕೆಗಳು ಬಿದ್ದು ಹರಿದಾಡಿದವು.

"ಇದೊಂದು ತಲಿ" ಎಂದು ದೊಡ್ಡಕ್ಕೋರು ಬೇವಿನ ಗಿಡದ ಕಡೆ ಕೈ ಮಾಡಿದರು.

"ಮೇಡಂ, ತಪ್ಪು ನಂದು. ನನ್ನಿಂದ ಕಣ್ಣಿಗಿ ಪಟ್ಟಿ ಬಿದ್ದು, ಎಂಟು ದಿನ ಆಕಿ ತಲಿ ಯಾರೂ ಮುಟ್ಟಲಿಲ್ಲ" ಎಂದೆ.

"ತಪ್ಪು ಯಾರದಾದ್ರೇನು, ಹೇನು ಹೇನೇ. ಒಬ್ಬಾಕಿಗಿ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ಹುಕುಂ ಎಲ್ಲಾರಿಗೂ ಒಂದೇ."

ಮಹಾದೇವಿ ಅಳಲಿಲ್ಲ. ಎದ್ದು, ಜಡೆಯನ್ನು ತಾನೇ ಕೈಯಲ್ಲಿ ಹಿಡಿದುಕೊಂಡು, ಹಜಾಮನ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಆ ನಾಲ್ಕು ಹೆಜ್ಜೆಯ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಸಾಮಾನಿನ ಕೋಣೆ, ಅಲ್ಲಿ ಒಂದರ ಪಕ್ಕ ಒಂದು ಎರಡು ಟ್ರಂಕು.

"ಎಲ್ಲಾರಿಗೂ ಒಂದೇ ಅಂದ್ರ, ನಂದೂ ನೋಡ್ರಿ ಮೇಡಂ."

ನನ್ನ ದನಿಯೇ ನನಗೆ ಬೇರೆಯವರದೆಂಬಂತೆ ಕೇಳಿತು. ಕೈ ಹಿಂದಕ್ಕೆ ಹೋಗಿ ಒಂದೊಂದೇ ಪಿನ್ನು ತೆಗೆಯಿತು. ಏಳು ಪಿನ್ನು. ತುರುಬು ಬಿಚ್ಚಿ ಬಿತ್ತು. ಮೂವತ್ತೆಂಟು ಹುಡುಗಿಯರು ನೋಡುತ್ತಿರುವಾಗ ಬಿಳಿ ಬಟ್ಟೆಯ ಮೇಲೆ ತಲೆ ಬಗ್ಗಿಸಿದೆ. ಹಣಿಗೆ ಒಮ್ಮೆ ಎಳೆದದ್ದು ಗೊತ್ತಾಯಿತು. ಎರಡನೆಯ ಸಲ ಎಳೆಯಲಿಲ್ಲ.

ಮೊದಲು ಮಾತನಾಡಿದವನು ಹಜಾಮ. "ನಾ ಗಂಡಸರ ಗಡ್ಡ, ಸಣ್ಣ ಹುಡುಗ್ಯಾರ ತಲಿ ಮಾಡ್ತೀನ್ರಿ. ಅಕ್ಕೋರ ತಲಿಗಿ ಕತ್ತರಿ ಹಚ್ಚಿದ್ರ ನಮ್ಮ ಹೆಂಡತಿ ನನ್ನ ತಲಿ ಬೋಳಿಸ್ತಾಳ" ಎಂದು ಚೀಲ ಮುಚ್ಚಿದ. ರೇಷ್ಮಾ ಕಿಸಕ್ಕನೆ ನಕ್ಕಳು. ಯಾರೋ ಅವಳ ಬೆನ್ನಿಗೆ ಗುದ್ದಿದರು.

ದೊಡ್ಡಕ್ಕೋರು ನಗಲಿಲ್ಲ. ಬಟ್ಟೆಯನ್ನು ಕೊಡವಿ ಮಡಚಿದರು. "ಪಿನ್ನು ಹಾಕ್ಕೊಳ್ರಿ" ಎಂದರು ನನಗೆ. ಆಮೇಲೆ ತಾರಾಬಾಯಿಗೆ: "ಈ ಇಬ್ಬರೂ ರಜಾದಾಗ ಇಲ್ಲೇ ಇರ್ಲಿ. ಎರಡೂ ತಲಿ ಶುದ್ಧ ಆದ ಮ್ಯಾಲ ಊರಿಗಿ. ಸಾಲಿ ಶುರು ಆದಾಗ ಮತ್ತ ನೋಡ್ತೀನಿ."

ಮರುದಿನ ಮಹಾದೇವಿಯ ಅಪ್ಪ ಮಗಳನ್ನು ಕರೆದೊಯ್ಯಲು ದುಬಲಗುಂಡಿಯಿಂದ ಬಂದ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಎಳ್ಳಮಾಸಿಯ ಹಿಂದಿನ ದಿನದ ಗದ್ದಲದಲ್ಲಿ ನಿಂತೇ ಬಂದಿದ್ದ. ಕಣ್ಣಿನ ವಿಷಯವನ್ನೂ ಹೇನಿನ ವಿಷಯವನ್ನೂ ಅವನಿಗೆ ಮುಚ್ಚಿಡದೆ ಹೇಳಿದೆ. ಅವನು ಮಗಳ ಗಲ್ಲ ಹಿಡಿದು ಎರಡೂ ಕಣ್ಣು ನೋಡಿದ. ಜಡೆಯನ್ನು ಅಂಗೈಯಲ್ಲಿ ಎತ್ತಿ ತೂಗಿದ.

"ಕೂದಲಾ ತೆಗದೀರಿ ಅಂತ ಯಾರೋ ಅಂದಿದ್ರು. ತೆಗದಿದ್ರ ಇವತ್ತೇ ಟ್ರಂಕ್ ಹೊತಗೊಂಡು ಹೋಗ್ತಿದ್ದೆ" ಎಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೂ ಆಗ್ಯಾವೇನ್ರಿ?" ಎಂದು ಕೇಳಿದ. ಹೌದು ಎಂದೆ. ಅವನಿಗೆ ಯಾಕೋ ಸಮಾಧಾನವಾದಂತೆ ಕಂಡಿತು. ಹೆಂಡತಿ ಕಟ್ಟಿಕೊಟ್ಟಿದ್ದ ಸಜ್ಜೆಯ ಕಡುಬಿನ ಗಂಟನ್ನು ಮಗಳ ಕೈಯಲ್ಲಿಟ್ಟು ಹೋದ.

ಎಳ್ಳಮಾಸಿಯ ದಿನ ಊರಿಗೆ ಊರೇ ಹೊಲಕ್ಕೆ ಹೋಗಿತ್ತು. ನಾನೂ ಹುಮನಾಬಾದಿನಲ್ಲಿದ್ದರೆ ನಮ್ಮ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಕಾಳು ಸೊಪ್ಪಿನ ಭಜ್ಜಿ ಉಣ್ಣುತ್ತಿದ್ದೆ. ನಿಲಯ ಖಾಲಿ. ಕೊಹಿನೂರಿಗೆ ಹೋಗಬೇಕಿದ್ದ ತಾರಾಬಾಯಿಯೂ ಹೋಗಲಿಲ್ಲ. "ಮಗ ಅದಾನ, ಸೊಸಿ ಅದಾಳ, ಹೊಲಾ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು. ಮಧ್ಯಾಹ್ನ ಅವರೇ ನೀರು ಕಾಯಿಸಿ, ಮೊಣಕೈ ಅದ್ದಿ, ನಮ್ಮಿಬ್ಬರ ತಲೆ ತೊಳೆದರು. ಸೀರೆಯ ತುಂಡು ಸುತ್ತಿಕೊಂಡು ನಾವು ಕಡುಬು ತಿಂದೆವು. ಕೂದಲು ಒಣಗಿದ ಮೇಲೆ ಮೆಟ್ಟಿಲು ಹತ್ತಿದೆವು. ಮೇಲೆ ಅವರು, ಅವರ ಕೆಳಗೆ ನಾನು, ನನ್ನ ಕೆಳಗೆ ಮಹಾದೇವಿ.

ಆ ಕೈ ನನ್ನ ನೆತ್ತಿಗೆ ಬಿದ್ದಾಗ ಮೈ ಒಮ್ಮೆ ಬಿಗಿಯಿತು. ಅವರು ಕಾದರು. ಬಿಗಿ ಸಡಿಲಿದ ಮೇಲೆ ಬೆರಳು ನಿಧಾನಕ್ಕೆ ಕೂದಲೊಳಗೆ ಇಳಿದವು. ಎಣ್ಣೆ ಎಷ್ಟು ಬೆಚ್ಚಗಿರಬೇಕೋ ಅಷ್ಟೇ ಬೆಚ್ಚಗಿತ್ತು. ಅವರ ಬೆರಳ ತುದಿಗಳು ಒರಟು. ಆದರೆ ಒಂದು ಕೂದಲೂ ಚುರುಕ್ಕೆನ್ನಲಿಲ್ಲ.

"ನಂಗ ಆಗ್ಯಾವ ಅಂತ ನಿಮಗ ಮೊದ್ಲೇ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ಹೌದ್ರಿ. ಬೋರ್ಡಿನ ಮ್ಯಾಲ ಬರ್ಕೋತ ಪೆನ್ನಿನಿಂದ ತುರಿಸ್ಕೊಂತಿದ್ರಿ. ಒದ್ದಿ ತುರುಬಿನ ವಾಸನೀನೂ ಬರ್ತಿತ್ತು."

"ಹೇಳಬೇಕಿತ್ತಲ್ಲ?"

"ಕೇಳದ ತಲಿಗಿ ಎಣ್ಣಿ ಹಚ್ಚಬಾರದ್ರಿ."

ಐದು ದಿನ ಹೀಗೆ ನಡೆಯಿತು. ನಾನು ಮಹಾದೇವಿಯ ತಲೆ ನೋಡುವುದನ್ನು ಕಲಿತೆ. ಎಳೆ ಎಳೆ ಬಿಡಿಸಿ, ಬುಡಕ್ಕೆ ಹೆಬ್ಬೆರಳಿಟ್ಟು, ಎಳೆತದ ನೋವು ಚರ್ಮಕ್ಕೆ ಮುಟ್ಟದಂತೆ ಬಾಚಬೇಕು. ಮೊದಲ ಎರಡು ದಿನ ನನ್ನ ಕೈ ಅವಳ ಕಣ್ಣಿನ ಹತ್ತಿರ ಬಂದರೆ ನಿಂತೇ ಬಿಡುತ್ತಿತ್ತು. ಅವಳೇ "ಏನೂ ಆಗಂಗಿಲ್ರಿ, ಬಾಚ್ರಿ" ಎನ್ನುತ್ತಿದ್ದಳು. ಐದನೆಯ ದಿನ ಬಿಳಿ ಬಟ್ಟೆ ಹಾಸಿ ಅವಳ ತಲೆಯನ್ನೂ ನನ್ನ ತಲೆಯನ್ನೂ ತಾರಾಬಾಯಿ ಬಾಚಿ ನೋಡಿದರು. ಬಟ್ಟೆಯ ಮೇಲೆ ಬಿದ್ದದ್ದು ಬಿಸಿಲು ಮಾತ್ರ.

ಮಹಾದೇವಿ ಆ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಹುಮನಾಬಾದಿನ ಹೈಸ್ಕೂಲಿಗೆ ಹೋದಳು. ಅವಳ ಟ್ರ‍ಂಕು ಅವಳ ಜೊತೆಗೇ ಹೋಯಿತು. ಲಲಿತಾಳ ಟ್ರಂಕು, ನಾನು ಆ ಕೆಲಸ ಬಿಡುವವರೆಗೂ, ಅಲ್ಲೇ ಇತ್ತು.

ಆ ಐದನೆಯ ದಿನದ ಸಂಜೆಯನ್ನೇ ಬಸ್ಸಿನ ವಾಸನೆ ನನಗೆ ಮರಳಿ ತಂದದ್ದು. ಬಟ್ಟೆ ಮಡಚಿ ಎದ್ದ ತಾರಾಬಾಯಿಯನ್ನು ಮಹಾದೇವಿ ಕೇಳಿದಳು:

"ಆಯಿ, ನಿನ್ನ ತಲಿ ಯಾರು ನೋಡ್ತಾರ?"

"ನಂದೇನು ನೋಡ್ತಿ, ನಾಕು ಎಳಿ ಅದಾವ" ಎಂದು ಅವರು ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ಅಷ್ಟು ದಿನದಲ್ಲಿ ಅವರ ಕೂದಲನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಮೂವತ್ತೆಂಟು ತಲೆ, ನನ್ನದು ಸೇರಿ ಮೂವತ್ತೊಂಬತ್ತು. ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ನಾನು ನಲವತ್ತನೆಯದನ್ನು ಎಣಿಸಿಯೇ ಇರಲಿಲ್ಲ.

ನಾನು ಎದ್ದು, ಅವರನ್ನು ದಾಟಿ, ಮಾಳಿಗೆಯ ಅಂಚಿನಲ್ಲಿ ಅವರ ಜಾಗದಲ್ಲಿ ಕೂತೆ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಎಳೆದುಕೊಂಡೆ.

"ಬ್ಯಾಡ್ರಿ ಅಕ್ಕೋರ. ನಿಮ್ಮ ಮಂದಿ ಯಾರರ ನೋಡಿದ್ರ..."

"ನೋಡ್ಲಿ. ಆದ್ರ ಕೇಳದ ತಲಿಗಿ ಹಚ್ಚಬಾರದು ಅಂದೀರಿ. ಕೇಳ್ರಿ ಹಂಗಾರ."

ಅವರು ಅಂಗಳ ನೋಡುತ್ತ ನಿಂತರು. ಬಿಸಿಲು ಕೊನೆಯ ಮೂರು ಮೆಟ್ಟಿಲಿಗೆ ಏರಿತ್ತು. ಆಮೇಲೆ ಮೆಲ್ಲಗೆ ನನ್ನ ಕೆಳಗಿನ ಮೆಟ್ಟಿಲ ಮೇಲೆ ಕೂತು, ಬೆನ್ನು ಕೊಟ್ಟು, ಸೆರಗು ಇಳಿಸಿದರು. ನರೆತ, ತೆಳ್ಳನೆಯ, ಒಂದೂ ಸಿಕ್ಕಿಲ್ಲದ ಕೂದಲು.

"ಜರಾ ಹಚ್ರಿ" ಎಂದರು.

ನಾನು ಬಟ್ಟಲಿನಿಂದ ಒಂದು ಹನಿ ತೆಗೆದು, ಮೊದಲು ನನ್ನ ಮಣಿಕಟ್ಟಿಗೆ ಬಿಟ್ಟುಕೊಂಡು ನೋಡಿದೆ.